ಸಲಹಾರಸಾಯನ: ಒಂದು ಮೀಮಾಂಸೆ

ಮುಪ್ಪನ್ನು ಮುಂದೂಡುವ ಉಪಾಯಗಳ ಬಗ್ಗೆ ಈವರೆಗೆ ಬರೆದವರೆಲ್ಲ ಒಂದೇ ಕಡೆ ಎಡವಿದ್ದಾರೆ. ಎಲ್ಲರ ಕಣ್ಣೂ ಮದ್ದು ಕುಡಿದವನ ಮೇಲೆ. ಅದನ್ನು ಹೇಳಿಕೊಟ್ಟವನ ನಾಡಿಯನ್ನು ಯಾರೂ ಹಿಡಿದು ನೋಡಲಿಲ್ಲ. ಬೂದುಗುಂಬಳದ ರಸ, ನೆನೆಸಿದ ಮೆಂತ್ಯ, ಎಳ್ಳೆಣ್ಣೆಯಲ್ಲಿ ಬಾಯಿ ಮುಕ್ಕಳಿಸುವುದು, ಮುಳ್ಳುಮುಳ್ಳಾದ ಆಕ್ಯುಪ್ರೆಶರ್ ಚಪ್ಪಲಿ, ಇವುಗಳಲ್ಲಿ ಆಯುಸ್ಸು ಹೆಚ್ಚಿಸುವುದು ಯಾವುದೆಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಈ ಪ್ರಬಂಧದ ಪ್ರಮೇಯ ಇಷ್ಟೇ: ಯಾವುದೂ ಅಲ್ಲ. ಆಯುಸ್ಸು ಬೆಳೆಯುವುದು ಸಲಹೆಯಿಂದ. ಅದೂ ಪಡೆದವನದಲ್ಲ, ಕೊಟ್ಟವನದು.

ಮೊದಲು ಪುರಾಣಪ್ರಮಾಣ. ಹಣ್ಣುಹಣ್ಣು ಮುದುಕನಾಗಿದ್ದ ಚ್ಯವನ ಮಹರ್ಷಿ ಅಶ್ವಿನೀದೇವತೆಗಳ ಮಾತು ಕೇಳಿ ನೀರಿಗಿಳಿದು, ಹರೆಯದವನಾಗಿ ಎದ್ದುಬಂದ. ಇವತ್ತಿಗೂ ಲೇಹ್ಯದ ಡಬ್ಬಿಯ ಮೇಲೆ ಅವನದೇ ಹೆಸರು. ಆದರೆ ಮುಪ್ಪು ಬಂದದ್ದೇ ಅವನಿಗೆ. ಸಲಹೆ ಕೊಟ್ಟ ಅವಳಿಗಳು ಮೊದಲೂ ತರುಣರು, ಆಮೇಲೂ ತರುಣರು. ಮೇಲಾಗಿ ಅವರಿಗೆ ಸೋಮರಸದಲ್ಲಿ ಪಾಲೂ ಸಿಕ್ಕಿತು. ಕನ್ಸಲ್ಟೇಷನ್ ಫೀಸಿನ ಚರಿತ್ರೆ ಬರೆಯುವವರು ಇಲ್ಲಿಂದ ಶುರುಮಾಡಬಹುದು. ಯಯಾತಿಯ ಪಾಡು ನೋಡಿ: ಮಕ್ಕಳಿಗೆ ನಾಲ್ಕು ಬುದ್ಧಿಮಾತು ಹೇಳಿಕೊಂಡು ಹಾಯಾಗಿರುವ ಬದಲು ಅವರ ಯೌವನವನ್ನೇ ಬೇಡಿದ, ಕಡೆಗೆ ಪೂರುವಿಗೆ ಅದನ್ನು ಹಿಂದಿರುಗಿಸಬೇಕಾಯಿತು.

ಇನ್ನು ಪ್ರತ್ಯಕ್ಷಪ್ರಮಾಣ. 1760ರಲ್ಲಿ ಹೈದರಾಲಿ ಶುರುಮಾಡಿದ, ಈಗ 240 ಎಕರೆಗೆ ಬೆಳೆದಿರುವ ಬೆಂಗಳೂರಿನ ಲಾಲ್‌ಬಾಗ್ ಈ ಶಾಸ್ತ್ರದ ಪ್ರಯೋಗಶಾಲೆ. ಬೆಳಗಿನ ಆರಕ್ಕೆ ಅಲ್ಲಿನ ಕಲ್ಲುಬೆಂಚಿನ ಮೇಲೆ ಇಬ್ಬರು ಹಿರಿಯರು ಕೂತಿದ್ದಾರೆನ್ನಿ. "ಸಕ್ಕರೆ ಬಿಟ್ಬಿಡಿ ರಾಯರೇ, ಬಿಳೀ ವಿಷ ಅದು" ಎನ್ನುವವರ ಬೆನ್ನು ನೆಟ್ಟಗಾಗುತ್ತದೆ, ಸ್ವರ ಒಂದು ಮನೆ ಮೇಲೇರುತ್ತದೆ, ಮಫ್ಲರ್ ಕಿವಿಯಿಂದ ಜಾರುತ್ತದೆ. ನಿನ್ನೆಯವರೆಗೆ ನೆಟ್ಟಗಾಗದ ತೋರುಬೆರಳು ಗಾಳಿಯಲ್ಲಿ ಸಲೀಸಾಗಿ ಕುಣಿಯುತ್ತದೆ. ಕೇಳುವ ರಾಯರಿಗೆ ದಕ್ಕುವುದು ತಲೆಯಾಡಿಸುವ ವ್ಯಾಯಾಮ ಒಂದೇ. ಪ್ರಯೋಗಶಾಲೆಯ ವಿಜ್ಞಾನವೂ ನಮ್ಮ ಪಕ್ಷಕ್ಕೇ ವಾಲುತ್ತದೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಹಲವು ಪಟ್ಟು ಹೆಚ್ಚುತ್ತದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ತೋರಿಸಿದರು. ಸೇರಿದ್ದು ಮುಪ್ಪನ್ನು ತಡೆಯಿತೇ ಎಂಬುದು ಆ ಪ್ರಯೋಗದ ಪ್ರಶ್ನೆಯೇ ಆಗಿರಲಿಲ್ಲ. ಆದರೂ ಅರಿಶಿನದ ಹಾಲಿಗೆ ಚಿಟಿಕೆ ಮೆಣಸು ಹಾಕಬೇಕೆಂಬ ಸಲಹೆ ಬೆಂಚಿನಿಂದ ಬೆಂಚಿಗೆ ಹರಡಿತು, ಅದಕ್ಕೆ ಯಾವ ಪೈಪರಿನ್ನೂ ಬೇಕಾಗಲಿಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ವಿಧಿಯಂತೂ ಯಾವ ಋಷಿಯದೂ ಅಲ್ಲ, ವೈದ್ಯನದೂ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ 'ಮಾನ್ಪೋಕೆ' ಎಂಬ ಯಂತ್ರದ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮಾಪಕ. ಹೆಸರೇ ಸಲಹೆಯಾಗಿ ಈಗ ಎಲ್ಲರ ಮಣಿಕಟ್ಟಿನಲ್ಲಿ ಕೂತಿದೆ.

ಇಲ್ಲಿ ಪೂರ್ವಪಕ್ಷಿಯ ತಕರಾರು: ನಡೆದರೆ ರಕ್ತದೊತ್ತಡ ಇಳಿಯುತ್ತದೆ, ತಾಯ್‌ಚಿ ಮಾಡುವ ವೃದ್ಧರು ಬೀಳುವುದು ಕಡಿಮೆ, ಇದಕ್ಕೆಲ್ಲ ಗಟ್ಟಿ ಪುರಾವೆಯಿದೆಯಲ್ಲ? ಇದೆ, ಒಪ್ಪಿದೆವು. ಆದರೆ ಬರಿಯ ನಡಿಗೆಗಾಗಿ ಮಾಗಿಯ ಚಳಿಯಲ್ಲಿ ಹಾಸಿಗೆ ಬಿಟ್ಟು ಯಾರು ಏಳುತ್ತಾರೆ? ಏಳುವುದು ಹೇಳಲಿಕ್ಕೆ. ಮಾತ್ರೆಗೆ ಜೇನುತುಪ್ಪ ಇದ್ದಂತೆ ಸಲಹೆಗೆ ನಡಿಗೆ ಅನುಪಾನ ಮಾತ್ರ. ಸಲಹೆ ಕೇಳಿಸಿಕೊಂಡವರೂ ಬಹುಕಾಲ ಬಾಳುತ್ತಾರಲ್ಲ ಎಂಬುದು ಎರಡನೆಯ ತಕರಾರು. ಬಾಳದೆ ಏನು? ಅರ್ಧ ಗಂಟೆಯೊಳಗೆ ಅವರು ಗಾಜಿನಮನೆಯ ಹತ್ತಿರ ಇನ್ನೊಬ್ಬರನ್ನು ಹಿಡಿದು ಅದೇ ಸಲಹೆಯನ್ನು ದಾಟಿಸಿರುತ್ತಾರೆ. ದಾಟಿಸದೆ ತಾವೇ ನುಂಗಿದವರ ಗತಿ ಬೇರೆ. ಸೋರೆಕಾಯಿ ಕಹಿಯಾಗಿದ್ದರೆ ಅದರಲ್ಲಿನ ಕುಕುರ್ಬಿಟಾಸಿನ್ ವಾಂತಿ ಭೇದಿ ಬರಿಸುತ್ತದೆ, ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ರಸ ಕುಡಿದವರು ಡ್ರಿಪ್ ಹಾಕಿಸಿಕೊಂಡು ಮಲಗಿದರೆ, ಹೇಳಿಕೊಟ್ಟವರು ಎಳನೀರು ಹಿಡಿದು ಆಸ್ಪತ್ರೆಗೆ ಬರುತ್ತಾರೆ. ಜೊತೆಗೆ ಇನ್ನೊಂದು ಸಲಹೆ.

ಕಡೆಯ ಆಕ್ಷೇಪಣೆ ಸ್ವಲ್ಪ ಬಿರುಸಿನದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ನಡೆದಿಲ್ಲ, ಮೆಂತ್ಯ ತಿಂದಿಲ್ಲ, ಯಾರಿಗೂ ಬುದ್ಧಿ ಹೇಳಿಲ್ಲ. ಹಾಗಾದರೆ ಪ್ರಮೇಯ ಬಿತ್ತಲ್ಲ? ಪೂರ್ವಪಕ್ಷಿ ಬಂಡೆಯ ಹತ್ತಿರ ಹೋಗಿ ನೋಡಿದಂತಿಲ್ಲ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಲ್ಲೊಂದು ಫಲಕ ನೆಟ್ಟಿದ್ದಾರೆ. ಬಂದುಹೋಗುವವರಿಗೆಲ್ಲ, ಕೇಳಲಿ ಬಿಡಲಿ, ಅದು ತಿಳಿವಳಿಕೆ ಹೇಳುತ್ತಲೇ ಇದೆ.