ಯಾವ ಪಾಟೀಲ್ರು?

ಕಲಬುರಗಿ ಜಿಲ್ಲೆಯ ಚೌಡಾಪುರದಲ್ಲಿ ಬಸ್ಸಿಳಿದು ಬರೀ ‘ಪಾಟೀಲರ ಮನಿ ಎಲ್ಲದರಿ?’ ಎಂದು ಕೇಳಿದರೆ, ‘ಯಾವ ಪಾಟೀಲ್ರು ಯಪ್ಪಾ?’ ಎಂಬ ಮರುಪ್ರಶ್ನೆ ಖಂಡಿತ. ಕಂದಾಯ ಎತ್ತುತ್ತಿದ್ದವರು ಮಾಲಿಪಾಟೀಲರು, ಊರ ಕಾವಲಿನವರು ಪೊಲೀಸ್ ಪಾಟೀಲರು, ಲೆಕ್ಕ ಬರೆದವರು ಕುಲಕರ್ಣಿಗಳು, ಗುತ್ತಿಗೆ ಹಿಡಿದವರು ಗುತ್ತೇದಾರರು. ವಂಶದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ಕಿತ್ತುಕೊಂಡಿತು. ಹೆಸರು ಮಾತ್ರ ಪಿಂಚಣಿಯಂತೆ ಮನೆಗೆ ಬರುತ್ತಲೇ ಇದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಆಳಂದದಲ್ಲೂ ಪಾಟೀಲ–ಗುತ್ತೇದಾರ ಕುಸ್ತಿ, ಅಫಜಲಪುರದಲ್ಲೂ ಅದೇ. ಆಳಂದದಲ್ಲಿ ಗುತ್ತೇದಾರರು ಗೆದ್ದರು, ಅಫಜಲಪುರದಲ್ಲಿ ಪಾಟೀಲರು. ಲೆಕ್ಕ ಚುಕ್ತಾ!

ಅಡ್ಡಹೆಸರಿನ ವಿಚಾರದಲ್ಲಿ ಚೀನಾದ ರೀತಿಯೇ ಬೇರೆ: ಅಲ್ಲಿ ಮನೆತನದ ಹೆಸರು ಮುಂದೆ, ಸ್ವಂತದ್ದು ಹಿಂದೆ. ಇರಲಿ. ಆದರೆ ಒಂದೇ ಅಡ್ಡಹೆಸರಿನವರು ಮದುವೆಯಾಗಬಾರದೆಂಬ ಕಟ್ಟಳೆಯೂ ಅಲ್ಲಿ ಶತಮಾನಗಳ ಕಾಲ ಇತ್ತಂತೆ. ಅದನ್ನು ಇಲ್ಲಿಗೆ ತಂದರೆ ನಮ್ಮ ಕಲ್ಯಾಣಮಂಟಪಗಳಲ್ಲಿ ತೊಗರಿ ಚೀಲ ಪೇರಿಸಬೇಕಾದೀತು! ಪಾಟೀಲರಲ್ಲಿ ಲಿಂಗಾಯತರಿದ್ದಾರೆ, ರಡ್ಡಿಗಳಿದ್ದಾರೆ, ಮುಸ್ಲಿಮರೂ ಇದ್ದಾರೆ. ಬೀಗತನಕ್ಕೆ ಹೊರಟ ಹಿರಿಯರೇ, ಅಡ್ಡಹೆಸರು ನಂಬಿ ಎಲೆಅಡಿಕೆ ತಗೋಬೇಡಿ. ಓಣಿಯಲ್ಲಿ ನಾಲ್ಕು ಮಂದಿಯನ್ನು ವಿಚಾರಿಸಿ.