ಇಂಟರ್ನೆಟ್ ಎಕ್ಸ್‌ಪ್ಲೋರರ್ ಅವರಿಗೊಂದು ಬಿನ್ನವತ್ತಳೆ

ನಿವೃತ್ತ ಹಿರಿಯರಾದ ಶ್ರೀಯುತ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅವರ ಸನ್ನಿಧಿಗೆ, ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಆಗುವ ಸಮಸ್ತ ಭಾಷೆಗಳ ಪರವಾಗಿ ಬಹಿರಂಗವಾಗಿ ಅರ್ಪಿಸಿದ್ದು.

2022ರ ಜೂನ್ 15ರಂದು ಹಿರಿಯರು ಸೇವೆಯಿಂದ ನಿವೃತ್ತರಾದಾಗ ಕಣ್ಣೀರು ಹಾಕಿದ ಡೆವಲಪರ್‌ಗಳು ಕಡಿಮೆ. ಪುಟ ಕೆಟ್ಟಾಗಲೆಲ್ಲ ಬೈಗುಳ ಹಿರಿಯರಿಗೇ. ಅದರಲ್ಲೊಂದು ಪಾಲು ಕಂಪೈಲರ್ ಬಳಗಕ್ಕೂ ಸಲ್ಲಬೇಕಿತ್ತು.

ಬಳಗದಲ್ಲಿ 2009ರ ಕಾಫಿಸ್ಕ್ರಿಪ್ಟ್ ಮಾತ್ರ ಮಾವನ ಮರ್ಜಿ ಬಲ್ಲ ಸೊಸೆ. ‘ಕ್ಯಾಚ್’ ಮೀಸಲು ಪದ. ಚುಕ್ಕಿಯ ಪಕ್ಕದಲ್ಲಿ ಅದು ಕಂಡರೆ ಐಇ 8 ಇಡೀ ಫೈಲನ್ನೇ ತಿರಸ್ಕರಿಸುತ್ತಿತ್ತು. ಕಾಫಿಸ್ಕ್ರಿಪ್ಟ್ ಸದ್ದಿಲ್ಲದೆ ಚುಕ್ಕಿ ತೆಗೆದು, ಆ ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಚೌಕ ಆವರಣದಲ್ಲಿ ಕೂರಿಸುತ್ತಿತ್ತು. 2017ರ ಎರಡನೇ ಆವೃತ್ತಿಯಲ್ಲಿ ಆ ಸೊಸೆಯೂ ಬೇರೆ ಮನೆ ಮಾಡಿದಳು. ಹಳಬರಿಗೆ ಬೇಕಿದ್ದರೆ ಬೇಬಲ್ ಎಂಬ ಕಂಪೈಲರ್ ಕೈಯಲ್ಲಿ ಮಾಡಿಸಿಕೊಳ್ಳಲಿ ಎಂದಾಯಿತು.

ಇನ್ನು 2012ರಲ್ಲಿ ಬಂದ ಟೈಪ್‌ಸ್ಕ್ರಿಪ್ಟ್. ಟಾರ್ಗೆಟ್ ‘ಇಎಸ್5’ ಎಂದು ಬರೆದರೆ ಹಿರಿಯರಿಗೆ ಒಗ್ಗುತ್ತದೆಂದು ಡೆವಲಪರ್ ತಂಡದ ನಂಬಿಕೆ. ಆರೋ ಫಂಕ್ಷನ್ ಸಾದಾ ಫಂಕ್ಷನ್ ಆಗುವುದೇನೋ ನಿಜ. ಎರಡು ಸಾಲಿನ ಅಸಿಂಕ್ ಫಂಕ್ಷನ್ ಸ್ವಿಚ್-ಕೇಸ್‌ಗಳ ಯಂತ್ರವಾಗಿ ಉಬ್ಬುವುದೂ ನಿಜ. ಆದರೆ ಆ ಯಂತ್ರಕ್ಕೆ ಬೇಕಾದ ‘ಪ್ರಾಮಿಸ್’ ಐಇ 11ರಲ್ಲಿ ಇಲ್ಲವೇ ಇಲ್ಲ! ಟೈಪ್‌ಸ್ಕ್ರಿಪ್ಟ್ ಇಳಿಸುವುದು ವ್ಯಾಕರಣವನ್ನಷ್ಟೇ. ಸಾಮಾನು ಒದಗಿಸುವುದು ಕೋರ್-ಜೆಎಸ್‌ನಂಥ ಪಾಲಿಫಿಲ್‌ಗಳ ಪಾಡು. ಕಂಪೈಲರ್ ತಕರಾರು ತೆಗೆದರೆ ಅದಕ್ಕೂ ಮದ್ದುಂಟು: ‘ಲಿಬ್’ ಪಟ್ಟಿಗೆ ‘ಇಎಸ್2015’ ಸೇರಿಸಿದರೆ ಬಾಯಿ ಮುಚ್ಚುತ್ತದೆ. ಕಚೇರಿಯ ಕ್ರೋಮ್‌ನಲ್ಲಿ ಎಲ್ಲ ಸುಸೂತ್ರ. ಗ್ರಾಹಕರ ಪರದೆ ಮಾತ್ರ ಬೆಳ್ಳಗೆ.

ಹಾಗೆಂದು ಹಿರಿಯರೇನೂ ಸಾಧುಗಳಲ್ಲ. ಐಇ 8, 9ರಲ್ಲಿ ಡೆವಲಪರ್ ಟೂಲ್ಸ್ ತೆರೆಯುವವರೆಗೆ ‘ಕನ್ಸೋಲ್’ ಹುಟ್ಟುತ್ತಲೇ ಇರಲಿಲ್ಲ. ಮರೆತುಬಿಟ್ಟ ಒಂದೇ ಒಂದು ಲಾಗ್ ಸಾಲು ಪುಟವನ್ನು ನಿಲ್ಲಿಸುತ್ತಿತ್ತು. ಏನಾಯಿತೆಂದು ನೋಡಲು ಟೂಲ್ಸ್ ತೆರೆದು ರಿಫ್ರೆಶ್ ಮಾಡಿದರೆ ರೋಗ ಮಾಯ. ಇಂಥ ಚೇಷ್ಟೆಗೆ ಯಾವ ಕಂಪೈಲರ್ ತಾನೇ ಏನು ಮಾಡೀತು? ‘ಪ್ರಾಕ್ಸಿ’ಯ ವಿಷಯದಲ್ಲಂತೂ ಪಾಲಿಫಿಲ್ಲೂ ಪೂರ್ತಿ ಕೈಹಿಡಿಯದು. ಅದನ್ನೇ ನೆಚ್ಚಿದ ವ್ಯೂ 3 ಫ್ರೇಮ್‌ವರ್ಕ್, ಐಇ 11ಕ್ಕೆ ಬಾಗಿಲು ಹಾಕಿತು.

2023ರಲ್ಲಿ ಟೈಪ್‌ಸ್ಕ್ರಿಪ್ಟ್ 5.0 ‘ಇಎಸ್3’ ಟಾರ್ಗೆಟನ್ನು ಬಳಕೆ ತಪ್ಪಿಸುವ ಪಟ್ಟಿಗೆ ಸೇರಿಸಿತು. ಇನ್ನು ಹಿರಿಯರನ್ನು ಬೀಳ್ಕೊಡಬಹುದೆಂದು ಬಳಗವು ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಹೊಂದಿಸುತ್ತಿರುವಾಗಲೇ ಗೊತ್ತಾದ ಸಂಗತಿ: ನಿವೃತ್ತರನ್ನು ಗುತ್ತಿಗೆ ಮೇಲೆ ಮುಂದುವರಿಸುವ ಪದ್ಧತಿ ಮೈಕ್ರೋಸಾಫ್ಟ್‌ನಲ್ಲೂ ಉಂಟು. ಎಡ್ಜ್‌ನೊಳಗಿನ ‘ಐಇ ಮೋಡ್’ಗೆ ಕನಿಷ್ಠ 2029ರವರೆಗೆ ಸೇವಾ ವಿಸ್ತರಣೆ ಸಿಕ್ಕಿದೆ. ಆದಕಾರಣ ಸನ್ಮಾನ ಸಮಾರಂಭವನ್ನು ಮುಂದೂಡಲಾಗಿದೆ. ಹಣ್ಣಿನ ಬುಟ್ಟಿಯನ್ನು ಪಾಲಿಫಿಲ್ ಬರೆಯುವವರ ಮನೆಗೆ ಕಳಿಸಲಾಗಿದೆ.

ಇತಿ,
ಕಂಪೈಲರ್ ಬಳಗ