ಮೂವತ್ತೆರಡು ಕಿಲೋಮೀಟರಿನ ರಾಯರು

ಐವತ್ತು ದಾಟಿದ ಬೆಂಗಳೂರಿನ ಗಂಡಸರಿಗೆ ಮೊದಲೆಲ್ಲ ಸೈಟು, ಶುಗರ್ರು, ಮಗನ ವೀಸಾ ಇವೇ ಮಾತು. ಈಗ ಮ್ಯಾರಥಾನೂ ಸೇರಿದೆ. ಜಯನಗರದ ನಮ್ಮ ಬೀದಿಯ ಪಾಲಿಗೆ ಬಂದವರು ರಾಯರು. ಬ್ಯಾಂಕಿನಲ್ಲಿ ಮ್ಯಾನೇಜರು, ಮೊನ್ನೆಮೊನ್ನೆಯವರೆಗೂ ಮೂಲೆಯಂಗಡಿಯಿಂದ ಕೊತ್ತಂಬರಿ ತರಲೂ ಸ್ಕೂಟರ್ ಹತ್ತುತ್ತಿದ್ದವರು. ಡಾಕ್ಟರು ‘ಸ್ವಲ್ಪ ನಡೀರಿ’ ಅಂದದ್ದೇ ತಪ್ಪಾಯಿತು.

ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು, ಪಾಪ, ‘ಮಂಡಿ ನೋವು’ ಅಂದರೆ ಸಾಕು, ಸಾರು ಬರುವಷ್ಟರಲ್ಲಿ ರಾಯರು 42.195 ಕಿಲೋಮೀಟರಿನ ಇತಿಹಾಸ ಬಡಿಸಿರುತ್ತಾರೆ. 1908ರ ಲಂಡನ್ ಒಲಿಂಪಿಕ್ಸ್. ವಿಂಡ್ಸರ್ ಅರಮನೆಯಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಕಡೆ ಮುಗಿಯಬೇಕೆಂದು ಅಳೆದ ದೂರ. 1921ರಲ್ಲಿ ಅದೇ ಕಾಯಂ. “ನಲವತ್ತಕ್ಕೇ ಬಿಟ್ಟಿದ್ದರೆ ಏನಾಗ್ತಿತ್ತು? ದೊಡ್ಡವರ ಸಹವಾಸ!” ಎನ್ನುತ್ತ ಪಾಯಸಕ್ಕೆ ಕೈ ಹಾಕುತ್ತಾರೆ.

ಜನವರಿಯ ಮುಂಬೈ ಮ್ಯಾರಥಾನಿಗೆ ತಯಾರಿ. ಭಾನುವಾರ ಬಂತೆಂದರೆ ಲಾಂಗ್ ರನ್. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಮೂವತ್ತೆರಡು ಕಿಲೋಮೀಟರು.

“ಪರೀಕ್ಷೆ ನಲವತ್ತೆರಡಕ್ಕೆ, ಓದೋದು ಮೂವತ್ತೆರಡಕ್ಕೇ ನಿಲ್ಲಿಸ್ತೀರಲ್ರೀ?” ಎಂದರು ಅವರ ಮನೆಯವರು.

“ಈಗಲೇ ಪೂರ್ತಿ ಓಡಿದರೆ ಸುಧಾರಿಸ್ಕೊಳ್ಳೋಕೆ ವಾರಗಟ್ಟಲೆ ಬೇಕು ಕಣೇ. ಮೂವತ್ತರ ಆಸುಪಾಸಿಗೆ ಮೈಯಲ್ಲಿರೋ ಗ್ಲೈಕೋಜನ್ ಖಾಲಿ. ಗೋಡೆಗೆ ಗುದ್ದಿದ ಹಾಗಾಗುತ್ತೆ.”

“ಗೋಡೆ ಗುದ್ದೋಕೆ ಮುಂಬೈಗೆ ಯಾಕೆ ಹೋಗ್ಬೇಕು?”

ಲಾಂಗ್ ರನ್‌ಗೆ ಒಂದು ನಿಯಮವಿದೆ: ಮಾತಾಡಿಕೊಂಡು ಓಡುವಷ್ಟು ನಿಧಾನವಾಗಿ ಓಡಬೇಕು. ಮಾತಾಡುವ ಭಾಗವನ್ನು ರಾಯರು ಚಾಚೂ ತಪ್ಪದೆ ಪಾಲಿಸುತ್ತಾರೆ. ಜೊತೆಯವರು ಅದಕ್ಕೇ ಸ್ವಲ್ಪ ಬೇಗ ಓಡುತ್ತಾರೆಂದು ನನ್ನ ಗುಮಾನಿ. ಉಳಿದ ಮಾತೆಲ್ಲ ಭಾನುವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಬಂದು ಬೀಳುತ್ತದೆ. ಮಿನರ್ವ ಸರ್ಕಲ್ಲಿನ ನಾಯಿ, ಜೆ.ಸಿ. ರಸ್ತೆಯಲ್ಲಿ ಹಿಡಿದ ಮೀನಖಂಡ, ಓಡುತ್ತ ಕಸುವಿಗೆಂದು ನುಂಗುವ, ಮಸಾಲೆದೋಸೆಗಿಂತ ದುಬಾರಿಯಾಗಿಯೂ ಹೊಟ್ಟೆಯಲ್ಲಿ ನಿಲ್ಲದ ಜೆಲ್ಲು. ಕಪ್ಪಾದ ಹೆಬ್ಬೆರಳ ಉಗುರನ್ನಂತೂ ಮೊಮ್ಮಗುವಿನ ಫೋಟೋ ತೋರಿಸುವಂತೆ ತೋರಿಸುತ್ತಾರೆ.

ಡಿಸೆಂಬರಿನ ಆ ಭಾನುವಾರ, ಹೇಳಬಾರದ ಜಾಗಗಳಿಗೆಲ್ಲ ವ್ಯಾಸಲಿನ್ ಮೆತ್ತಿಕೊಂಡು ಬೆಳಗಿನ ಜಾವ ನಾಲ್ಕೂವರೆಗೇ ಹೊರಟರು. ನಂದಿನಿ ಬೂತಿನವನು ಕ್ರೇಟ್ ಇಳಿಸುತ್ತಲೇ “ಬಸ್ ಮಿಸ್ಸಾಯ್ತಾ ಸಾರ್?” ಎಂದು ವಾಡಿಕೆಯಂತೆ ಕೇಳಿದನಂತೆ. ಕಬ್ಬನ್ ಪಾರ್ಕು ತಲುಪಿ, ಮಂಜಿನಲ್ಲಿ ಸುತ್ತಿನ ಮೇಲೆ ಸುತ್ತು ಹಾಕಿ, ಬಂದ ದಾರಿಯಲ್ಲೇ ವಾಪಸ್. ನಾನು ಪೇಪರ್ ಎತ್ತಿಕೊಳ್ಳಲು ಹೊರಗೆ ಬಂದಾಗ ರಾಯರು ಹೊಂಗೆಮರದಿಂದ ಟ್ರಾನ್ಸ್‌ಫಾರ್ಮರ್‌ವರೆಗೆ ಹೋಗಿಬಂದು, ಹೋಗಿಬಂದು ಮಾಡುತ್ತಿದ್ದರು. ಗಡಿಯಾರ 31.86 ತೋರಿಸುತ್ತಿತ್ತು, 32.00 ಆಗದೆ ಮನೆಯೊಳಗೆ ಕಾಲಿಡುವವರಲ್ಲ. ಆಯಿತು. ಗುಂಡಿ ಒತ್ತಿದರು.

“ಹೇಗಾಯ್ತು ರಾಯರೇ?” ಎಂದು ಕೇಳಿ ಕಾಂಪೌಂಡಿಗೆ ಒರಗಿ ನಿಂತೆ, ಹೇಗೂ ಅರ್ಧ ಗಂಟೆಯ ಬಾಬ್ತು ಎಂದುಕೊಂಡು.

“ಚೆನ್ನಾಗಾಯ್ತು.”

ಕಾದೆ. ಮುಂದೆ ಏನೂ ಬರಲಿಲ್ಲ.

“ಮಂಡಿ?”

“ಚೆನ್ನಾಗಿದೆ.”

“ನಾಯಿ?”

“ಮಲಗಿತ್ತು.”

ಮುಗುಳ್ನಗುತ್ತ ಒಳಗೆ ಹೋದರು. ಆಮೇಲೆ ಓಟದ ಲೆಕ್ಕವಿಡುವ ಸ್ಟ್ರಾವಾ ಆ್ಯಪಿನಲ್ಲಿ ನೋಡಿದೆ (ಮೆಚ್ಚುಗೆ ಒತ್ತಲೆಂದು ಅದನ್ನು ನನ್ನ ಫೋನಿಗೆ ಅವರೇ ಹಾಕಿಕೊಟ್ಟಿದ್ದಾರೆ): ಕೊನೆಯ ಐದು ಕಿಲೋಮೀಟರ್ ಮೊದಲ ಐದಕ್ಕಿಂತ ಬೇಗ ಓಡಿದ್ದರು! ನಿಧಾನವಾಗಿ ಶುರುಮಾಡಿ ಕಸುವು ಉಳಿಸಿಕೊಂಡವರಿಗೆ ಮಾತ್ರ ಆಗುವ ಕೆಲಸ ಅದು. ಹಿಡಿದ ಕಾಲಿಲ್ಲ, ವಾಂತಿಯಿಲ್ಲ, ಬಯ್ಯುವುದಕ್ಕೆ ಪಾಲಿಕೆಯ ಗುಂಡಿ ಕೂಡ ಕಾಲಿಗೆ ಸಿಕ್ಕಿಲ್ಲ. ಪಾಪ, ಹೇಳುವುದಾದರೂ ಏನನ್ನು?

ಹತ್ತು ಗಂಟೆಗೆ ಅವರ ಮನೆಯವರು ಗಾಬರಿಯಿಂದ ಬಂದರು.

“ಎಂಟು ಇಡ್ಲಿ ತಿಂದು ಸುಮ್ಮನೆ ಕೂತಿದಾರೆ. ಕಾಲು ಒತ್ತು ಅನ್ನಲಿಲ್ಲ, ಉಗುರು ನೋಡು ಅನ್ನಲಿಲ್ಲ. ತಮ್ಮಷ್ಟಕ್ಕೆ ನಗ್ತಿದಾರೆ ಬೇರೆ. ನಿಮ್ಮನೇಲಿ ಬಿಪಿ ಮಿಷನ್ ಇದೆಯಲ್ಲ, ಒಂದ್ಗಳಿಗೆ ಕೊಡ್ತೀರಾ?”